ತವರಿಗೆ ಬಂದ ಹೆಜ್ಜಾರ್ಲೆಗಳು

ಬೆಂಗಳೂರು–ಮೈಸೂರು ಹಳೆಯ ರಸ್ತೆಯಲ್ಲಿ, ಮದ್ದೂರಿಗೆ ತುಸು ಮೊದಲೇ ರುದ್ರಾಕ್ಷಿಪುರದ ಬಳಿ ಎಡಕ್ಕೆ ತಿರುಗಿ ಸುಮಾರು 12 ಕಿಲೋಮೀಟರ್ ಸಾಗಿದರೆ ಕೊಕ್ಕರೆ ಬೆಳ್ಳೂರು. ಮಾಘ ಮುಗಿಯುತ್ತಿರುವ ಈ ದಿನಗಳಲ್ಲಿ ಬೆಳಗಿನ ಚಳಿ ಇನ್ನೂ ಬಿಟ್ಟಿರುವುದಿಲ್ಲ, ನಡುಹಗಲ ಬಿಸಿಲು ಆಗಲೇ ಚುರುಗುಟ್ಟುತ್ತದೆ. ಹೊಲಗಳು ಬರಿದಾಗಿವೆ, ಕೆರೆಗಳ ನೀರು ಇಳಿಯುತ್ತಿದೆ, ಮಕ್ಕಳಿಗೆ ಪರೀಕ್ಷೆಯ ದಿಗಿಲು. ಊರ ನಡುವಿನ ಹುಣಸೆ, ಅರಳಿ ಮರಗಳಲ್ಲಿ ಮಾತ್ರ ಬಾಣಂತನದ ಸಡಗರ!

ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಊರವರು ಈ ಹೆಜ್ಜಾರ್ಲೆಗಳನ್ನು ಕರೆಯುತ್ತಾರೆ. ಜೊತೆಗೆ ಬಣ್ಣದ ಕೊಕ್ಕರೆಗಳೂ ಇವೆ. ಇವುಗಳಿಗೆ ದನಿಯೇ ಇಲ್ಲವೆನ್ನಬೇಕು. ಗೂಡಿನಲ್ಲಿ ಕೊಕ್ಕನ್ನು ಪಟಪಟನೆ ಬಡಿದೇ ಮಾತು. ಗಲಾಟೆಯೆಲ್ಲ ಮರಿಗಳದು. ಬಿಸಿಲೇರಿದಾಗ ತಾಯಿಯೋ ತಂದೆಯೋ ರೆಕ್ಕೆ ಅಗಲಿಸಿ ಮರಿಗೆ ಕೊಡೆಯಾಗಿ ನಿಲ್ಲುವುದನ್ನು, ತನ್ನದೇ ಹಿಕ್ಕೆಯನ್ನು ಕಾಲಿನ ಮೇಲೆ ಸುರಿದುಕೊಂಡು ತಂಪಾಗುವುದನ್ನು ರಸ್ತೆಯಲ್ಲೇ ನಿಂತು ನೋಡಬಹುದು. ಮಕ್ಕಳು ನಗುತ್ತಾರೆ, ನಗಲಿ. ದ್ರವ ಆವಿಯಾಗುವಾಗ ಶಾಖವನ್ನು ಹೀರಿಕೊಳ್ಳುತ್ತದೆಂಬ ಪಾಠ ಇದಕ್ಕಿಂತ ಚೆನ್ನಾಗಿ ನೆನಪಿನಲ್ಲಿ ಉಳಿಯಲಾರದು.

ನೀರು ಬತ್ತುವ ಕಾಲದಲ್ಲೇ ಮರಿಗಳನ್ನು ಸಾಕುವುದೇಕೆ? ಕೆರೆ ಕುಗ್ಗಿದಂತೆ ಮೀನುಗಳು ಸ್ವಲ್ಪ ಜಾಗದಲ್ಲೇ ಒತ್ತಾಗಿ ಸೇರುತ್ತವೆ. ಮನುಷ್ಯನಿಗೆ ಬರದಂತೆ ಕಾಣುವುದು ಕೊಕ್ಕರೆಗೆ ಸುಗ್ಗಿ. ಆದರೆ ಕೆರೆ ಪೂರ್ತಿ ಒಣಗಿದರೆ ಲೆಕ್ಕ ತಪ್ಪುತ್ತದೆ.

ಹೆಜ್ಜಾರ್ಲೆಯ ಮೊಟ್ಟೆಗಳು ಒಂದೇ ದಿನ ಒಡೆಯುವುದಿಲ್ಲ. ಮೊದಲು ಹುಟ್ಟಿದ ಮರಿ ದೊಡ್ಡದಾಗುತ್ತದೆ, ಕೊನೆಯದು ಎಷ್ಟೋ ಸಲ ಉಳಿಯುವುದಿಲ್ಲ. ಇದನ್ನು ಮಕ್ಕಳಿಂದ ಮುಚ್ಚಿಡಬೇಕಾಗಿಲ್ಲ. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ತಂದು ಮೀನು ತಿನ್ನಿಸಿ ಬೆಳೆಸುವವರೂ ಇದೇ ಊರಿನಲ್ಲಿದ್ದಾರೆಂಬುದನ್ನು ಜೊತೆಗೇ ಹೇಳಿದರಾಯಿತು.

1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಈ ಹಕ್ಕಿಗಳ ತಾಣವನ್ನು ಹೊರಜಗತ್ತಿಗೆ ಪರಿಚಯಿಸಿದರು. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು. ಆದರೂ ಮರಗಳು ರೈತರವೇ. ಹಕ್ಕಿ ಕೂತ ಹುಣಸೆಯ ಫಸಲು ಕೈಗೆ ಹತ್ತುವುದಿಲ್ಲ. ಮರದಡಿಯ ಹಿಕ್ಕೆ ಗೊಬ್ಬರವಾಗುತ್ತದೆ, ಸರ್ಕಾರದಿಂದ ಅಷ್ಟಿಷ್ಟು ಪರಿಹಾರ ಬರುತ್ತದೆ. ಅಷ್ಟಕ್ಕೇ ಮರ ಕಡಿಯದೆ ಉಳಿಸಿಕೊಳ್ಳುವುದು ಸಣ್ಣ ಮಾತಲ್ಲ.

2017ರ ಕೊನೆಯ ತಿಂಗಳುಗಳಲ್ಲಿ ಹೆಜ್ಜಾರ್ಲೆಗಳು ಒಂದೊಂದಾಗಿ ಮರದಿಂದ ಉರುಳತೊಡಗಿದವು. 2018ರಲ್ಲೂ ಸಾವು ಮುಂದುವರಿಯಿತು. ಹತ್ತಾರು ಹಕ್ಕಿಗಳು ಸತ್ತವು. ಅವುಗಳ ಹೊಟ್ಟೆಯಲ್ಲಿ ಜಂತುಹುಳುಗಳು ಸಿಕ್ಕವು. ಇನ್ನು ಇವು ಇತ್ತ ತಲೆಹಾಕಲಾರವೆಂದು ಯಾರಿಗಾದರೂ ಅನ್ನಿಸಬೇಕು. ನಂತರದ ಚಳಿಗಾಲಗಳಲ್ಲೂ ಅವು ಬಂದವು, ಅವೇ ಮರಗಳಿಗೆ ಕಡ್ಡಿ ಹೊತ್ತು ತಂದವು.

ಈಗ ಗೂಡಿನಲ್ಲಿ ಕತ್ತೂ ನಿಲ್ಲದ ಬೆತ್ತಲೆ ಮರಿ. ಪರೀಕ್ಷೆ ಮುಗಿಸಿ ಮೇ ತಿಂಗಳಲ್ಲಿ ಮತ್ತೆ ಬಂದರೆ, ಅದು ಕೊಂಬೆಯ ತುದಿಯಲ್ಲಿ ನಿಂತು ರೆಕ್ಕೆ ಬಡಿಯುತ್ತಿರುತ್ತದೆ.