ಕುಳ್ಳ ಗಾಡಿ, ನೀಳ ಸವಾರ

ದೈವವು ನನಗೆ ಆರಡಿಯ ಮೇಲೆ ಎರಡಂಗುಲ ಎತ್ತರವನ್ನು ಕೊಟ್ಟಿತು; ಗಿಡ್ಡರಾಗಿದ್ದ ತಂದೆಯವರು ತಮ್ಮ ಲೂನಾ ಗಾಡಿಯನ್ನು ಬಿಟ್ಟುಹೋದರು. ಈ ಎರಡು ದಾನಗಳಿಗೂ ಹೊಂದಿಕೆಯಿರಲಿಲ್ಲ. ಪುಣೆಯ ಕೈನೆಟಿಕ್ ಸಂಸ್ಥೆಯವರು 1972ರಲ್ಲಿ ಹೊರತಂದ, 50 ಸಿ.ಸಿ. ಯಂತ್ರದ ಆ ಪುಟ್ಟ ವಾಹನವನ್ನೇರಿದರೆ ನನ್ನ ಮೊಣಕಾಲುಗಳು ಹಿಡಿಕೆಗೆ ತಾಗುತ್ತಿದ್ದವು. ಆಳಂದದ ಪೇಟೆಯಲ್ಲಿ ಹುಡುಗರು ನಗುತ್ತಿದ್ದರು. ಮಾರಲು ಮನಸ್ಸೊಪ್ಪಲಿಲ್ಲ.

ಕಮ್ಮಾರನೊಬ್ಬನಿಂದ ಪೀಠದ ಕೊಳವೆಯನ್ನು ಒಂದು ಗೇಣು ಬೆಳೆಯಿಸಿ, ಹಿಡಿಕೆಯನ್ನೂ ಎತ್ತರಿಸಿದೆನು. ತಂತಿಗಳು ಮಾತ್ರ ಹಳೆಯವೇ ಇರಲಿ ಎಂದೆನು. ನಾಲ್ಕು ಕಾಸಿನ ಲೋಭವದು. ಅಫಜಲಪುರದ ದಾರಿಯ ತಿರುವೊಂದರಲ್ಲಿ ಹಿಡಿಕೆಯನ್ನು ಹೊರಳಿಸಿದೊಡನೆ, ಬಿಗಿದ ತಂತಿಯು ಸೆಳೆದು ವೇಗವು ತಾನಾಗಿ ಏರಿತು. ಭಾರವೆಲ್ಲ ಹಿಂದಕ್ಕೂ ಮೇಲಕ್ಕೂ ಸರಿದಿದ್ದುದರಿಂದ ಹಗುರಾದ ಮುಂಗಾಲಿಯು ಮಾತು ಕೇಳಲಿಲ್ಲ. ಗಾಡಿಯೂ ನಾನೂ ಎರೆಹೊಲದ ಜೋಳದಲ್ಲಿ ಮಲಗಿದೆವು. ಮೊಣಕೈ ತರಚಿತು, ಪ್ರಾಣವುಳಿಯಿತು.

ಮರುದಿನವೇ ನೀಳವಾದ ತಂತಿಗಳನ್ನು ಹಾಕಿಸಿ, ಪೀಠವನ್ನು ನಾಲ್ಕು ಬೆರಳು ತಗ್ಗಿಸಿ ಮುಂದಕ್ಕೆ ಸರಿಸಿದೆನು. ಈಗ ಮೊಣಕಾಲು ತುಸು ಮಡಚಿಯೇ ಕೂರುತ್ತೇನೆ. ಭೀಮೆಯನ್ನು ದಾಟಿ ಜೇವರ್ಗಿಯವರೆಗೂ ನಿಶ್ಚಿಂತೆಯಿಂದ ಹೋಗಿಬಂದಿದ್ದೇನೆ. ಹಿರಿಯರ ವಸ್ತುವನ್ನು ನಮ್ಮ ಅಳತೆಗೆ ತರುವವರು ತಾವೂ ಕೊಂಚ ಬಾಗಬೇಕಾಗುತ್ತದೆ, ವಾಚಕರೇ!