ಬಿತ್ತುವ ಮೊದಲೇ ಹದಗೊಳ್ಳುವ ಹೊಲ

ಬೀಜವೆಷ್ಟೇ ಒಳ್ಳೆಯದಿದ್ದರೂ ನೆಲ ಹದವಾಗದೆ ಬೆಳೆ ಏಳದೆಂಬುದು ದುಬಲಗುಂಡಿಯ ಒಕ್ಕಲುಮಗನಿಗೆ ಯಾರೂ ಕಲಿಸಬೇಕಾದ ಪಾಠವಲ್ಲ. ಕುಂಟೆ ಹೊಡೆಯದೆ, ಕಸ ಆರಿಸದೆ ಮೃಗಶಿರ ಮಳೆಗೆ ಕೂರಿಗೆ ಹೂಡುವವನನ್ನು ಕಂಡು ಊರೇ ನಗುವುದು. ಅರ್ಬುದ ರೋಗವೂ, ಎಂದರೆ ಕ್ಯಾನ್ಸರೂ, ಈ ನಿಯಮಕ್ಕೆ ಹೊರತಲ್ಲವೆಂದು ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟನು 1889ರಲ್ಲಿ ಬರೆದನು. ಅದರ ಬೀಜ ದೇಹದ ಎಲ್ಲೆಡೆಗೂ ಹಾರೀತು. ಮೊಳೆಯುವುದು ಒಗ್ಗಿದ ನೆಲದಲ್ಲಿ ಮಾತ್ರ. ಆದರೆ ಆ ನೆಲವನ್ನು ಹದಮಾಡುವವರಾರು? ಉತ್ತರದ ಸುಳಿವು ದೊರೆಯಲು ನೂರು ವರ್ಷಕ್ಕೂ ಮಿಕ್ಕ ಕಾಲ ಹಿಡಿಯಿತು.

ನಮ್ಮ ದೇಹದ ಜೀವಕೋಶಗಳು ಅತಿಸೂಕ್ಷ್ಮವಾದ ಸಂಚಿಗಳನ್ನು ಹೊರಕ್ಕೆ ಬಿಡುತ್ತಿರುವುವು. ಎಕ್ಸೊಸೋಮ್ ಎಂಬುದು ಅವುಗಳ ಹೆಸರು. ಸುಮಾರು ಹತ್ತು ಸಾವಿರವನ್ನು ಸಾಲಾಗಿ ಜೋಡಿಸಿದರೆ ಒಂದು ಮಿಲಿಮೀಟರು ಆದೀತು. ಮಾಂಟ್ರಿಯಲಿನ ರೋಸ್ ಜಾನ್‌ಸ್ಟೋನ್ ಎಂಬ ವಿದುಷಿಯೂ ಸಂಗಡಿಗರೂ 1983ರಲ್ಲಿ ಕುರಿಯ ಎಳೆಯ ರಕ್ತಕಣಗಳಲ್ಲಿ ಇವುಗಳ ಜಾಡು ಹಿಡಿದಾಗ, ಇವು ಬರಿಯ ಕಸವೆಂದು ಬಹುಮಂದಿ ಎಣಿಸಿದರು. ತಿಪ್ಪೆಯ ಬೆಲೆ ಬಲ್ಲ ರೈತನು ಕಸವನ್ನು ಅಷ್ಟು ಹಗುರಾಗಿ ಕಾಣುತ್ತಿರಲಿಲ್ಲ. ಸಂಚಿಯೊಳಗೆ ಪ್ರೋಟೀನುಗಳಿವೆ, ಕೊಬ್ಬಿನಂಶವಿದೆ. ಆರ್‌ಎನ್‌ಎ ಸಹ ಇದ್ದು, ಅದು ಬೇರೊಂದು ಕೋಶವನ್ನು ಹೊಕ್ಕು ಕೆಲಸ ಮಾಡಬಲ್ಲುದೆಂದು 2007ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿದರು.

ಚರ್ಮಕ್ಕೆ ಬಣ್ಣ ಕೊಡುವ ಕೋಶಗಳು ಕೆಟ್ಟಾಗ ಹುಟ್ಟುವ ಮೆಲನೋಮವು ಈ ಸಂಚಿಗಳನ್ನೇ ತನ್ನ ಆಳುಗಳನ್ನಾಗಿ ಮಾಡಿಕೊಳ್ಳುವುದು. ನ್ಯೂಯಾರ್ಕಿನ ಡೇವಿಡ್ ಲೈಡನ್, ಹೆಕ್ಟರ್ ಪೈನಾಡೊ ಮೊದಲಾದವರು 2012ರಲ್ಲಿ ಇದನ್ನು ಇಲಿಗಳಲ್ಲಿ ಕಂಡರು. ಸಂಚಿಗಳು ಮೆಟ್ ಎಂಬ ಪ್ರೋಟೀನನ್ನು ಹೊತ್ತು ಎಲುಬಿನ ಮಜ್ಜೆಯ ಎಳೆಗೋಶಗಳ ನಡತೆಯನ್ನು ತಿರುಗಿಸಿದುವು; ಶ್ವಾಸಕೋಶದ ರಕ್ತನಾಳಗಳನ್ನು ಸಡಿಲಗೊಳಿಸಿದುವು. ಬೀಜ ಬೀಳುವ ಮುನ್ನವೇ ಹೊಲ ಸಿದ್ಧವಾಯಿತು! ಈ ಸಂಚಿಗಳ ಮೈಮೇಲಿರುವ ಪಿಡಿ-ಎಲ್1 ಎಂಬ ಪ್ರೋಟೀನು ದೇಹರಕ್ಷಕ ಕೋಶಗಳನ್ನು ಮಂಕುಗೊಳಿಸುವುದೆಂದು 2018ರಲ್ಲಿ ತಿಳಿದುಬಂದಿತು. ಹೊಲದ ಕಾವಲುಗಾರನನ್ನು ಅಟ್ಟಣೆಯ ಮೇಲೆಯೇ ಮಲಗಿಸಿದಂತಾಯಿತು.

ಕಂದುಬಣ್ಣದ ಮೈಯವರಲ್ಲಿ ಮೆಲನೋಮ ಅಪರೂಪ. ಬಂದಾಗ ಹಲವು ವೇಳೆ ಅಂಗಾಲು, ಅಂಗೈ, ಉಗುರಿನ ಅಡಿಯನ್ನೇ ಆರಿಸಿಕೊಳ್ಳುವುದು. ಹೊಲದಲ್ಲಿ ತಿರುಗುವವನು ಆ ಕರಿಯ ಮಚ್ಚೆಯನ್ನು ಮುಳ್ಳಿನ ಗಾಯವೆಂದೋ ಆಣಿಯೆಂದೋ ಬಗೆದು ತಿಂಗಳುಗಟ್ಟಲೆ ಸುಮ್ಮನಿರುವುದು ಸಹಜ. ಅವನು ಸುಮ್ಮನಿರುವಾಗ ಒಳಗೆ ಉಳುಮೆ ನಡೆಯುತ್ತಿರಬಹುದು. ರಕ್ತದಲ್ಲಿನ ಸಂಚಿಗಳಿಂದಲೇ ರೋಗವನ್ನು ಗುರುತಿಸುವ ಯತ್ನ ಪ್ರಯೋಗಶಾಲೆಗಳಲ್ಲಿ ಸಾಗಿದೆ. ಮಚ್ಚೆ ತೆಳುವಾಗಿರುವಾಗಲೇ ಕತ್ತರಿಸಿ ತೆಗೆದರೆ ಬಹುಮಟ್ಟಿಗೆ ಗುಣವಾಗುವುದು ಮಾತ್ರ ಈಗಾಗಲೇ ಸಿದ್ಧವಾದ ಸಂಗತಿ. ಬೆಳೆಯುವ, ಅಂಚು ಅಡ್ಡಾದಿಡ್ಡಿಯಾದ, ಮಾಯದ ಮಚ್ಚೆಯನ್ನು ವೈದ್ಯನಿಗೆ ತೋರಿಸಬೇಕು. ಅದನ್ನು ಕಾಣಲು ಯಾವ ಯಂತ್ರವೂ ಬೇಡ; ಸಂಜೆ ಕಾಲು ತೊಳೆದಾಗ ಅಂಗಾಲನ್ನು ದೀಪಕ್ಕೆ ತಿರುಗಿಸಿ ನೋಡುವಷ್ಟು ಬಿಡುವು ಸಾಕು.