ಎಷ್ಟು ಇಂಚು ಬಿತ್ತು?

2021ರ ಫೆಬ್ರವರಿ 7, ಭಾನುವಾರ. ಬೆಳಿಗ್ಗೆ ಏಳೂವರೆಗೆ ಅಮ್ಮ ನಮ್ಮ ರೂಮಿನ ಬಾಗಿಲು ತಟ್ಟಿದಳು. "ಏಳೇ, ಹೊರಗೆ ಏನೋ ಆಗಿದೆ ನೋಡು."

ಲಾಕ್‌ಡೌನ್ ಕಾಲ, ಮನೆಯಲ್ಲಿ ವರ್ಷದ ಕೂಸು ಬೇರೆ. 'ಏನೋ ಆಗಿದೆ' ಅಂದ್ರೆ ಸಾಕು, ಎದೆ ಧಸಕ್ ಅನ್ನುತ್ತಿದ್ದ ದಿನಗಳು ಅವು. ಎದ್ದು ಓಡಿ ಕರ್ಟನ್ ಸರಿಸಿದರೆ ಹಿತ್ತಲಿನ ಬೇಲಿ, ಕಸದ ಡಬ್ಬಿ, ಬಟ್ಟೆ ಒಣಹಾಕೋ ತಂತಿ, ಎಲ್ಲದರ ಮೇಲೂ ಬಿಳುಪು. ಇನ್ನೂ ಬೀಳುತ್ತಲೇ ಇತ್ತು.

ನಾವಿರೋದು ಇಂಗ್ಲೆಂಡಿನ ಪೂರ್ವ ತುದಿಯ ಸಫೊಕ್‌ನಲ್ಲಿ, ಇಪ್ಸ್‌ವಿಚ್ ಪಟ್ಟಣದಿಂದ ಅರ್ಧ ಗಂಟೆ ದೂರದ ಒಂದು ಹಳ್ಳಿ. ಇಂಗ್ಲೆಂಡ್ ಅಂದ್ರೆ ಹಿಮ ಅಂತ ಊರಿನವರು ಅಂದುಕೊಂಡಿರ್ತಾರೆ. ನಿಜ ಹೇಳಬೇಕೂಂದ್ರೆ ಇಲ್ಲಿನ ಚಳಿಗಾಲ ಅಂದ್ರೆ ಜಿಟಿಜಿಟಿ ಮಳೆ, ಕೆಸರು, ಮಧ್ಯಾಹ್ನ ನಾಲ್ಕಕ್ಕೇ ಕತ್ತಲು. ಬಿದ್ದು ನಿಲ್ಲುವಂಥ ಹಿಮ ಈ ಕಡೆ ಅಪರೂಪ. ಈ ಸಲ ತಂದಿದ್ದು ಡಾರ್ಸಿ ಅನ್ನೋ ಬಿರುಗಾಳಿ. ಪೂರ್ವದಿಂದ ಬಂದ ಕೊರೆಯುವ ಗಾಳಿ ಉತ್ತರ ಸಮುದ್ರ ದಾಟುವಾಗ, ತನಗಿಂತ ಬೆಚ್ಚಗಿರುವ ನೀರಿನಿಂದ ತೇವ ಹೀರಿಕೊಂಡು ದಡ ಹತ್ತಿದ ಕೂಡಲೇ ಸುರಿದುಬಿಡುತ್ತೆ. ಅರಬ್ಬಿ ಸಮುದ್ರದ ಗಾಳಿ ನಮ್ಮ ಘಟ್ಟಕ್ಕೆ ಮಳೆ ತರುತ್ತಲ್ಲ, ಹೆಚ್ಚುಕಡಿಮೆ ಹಾಗೇ. ಅಮ್ಮನಿಗೆ ಹೀಗೆ ಹೇಳಿದ ಮೇಲೆ ಪೂರ್ತಿ ಅರ್ಥವಾಯಿತು.

ಅಮ್ಮ ಬಂದಿದ್ದು ನನ್ನ ಬಾಣಂತನಕ್ಕೆ, 2019ರ ಡಿಸೆಂಬರಿನಲ್ಲಿ. ನಾಲ್ಕು ತಿಂಗಳಿಗೆ ಅಂತ ಬಂದವಳು ಹದಿನಾಲ್ಕು ತಿಂಗಳಾದರೂ ಇಲ್ಲೇ ಇದ್ದಳು. ಮೊದಲು ವಿಮಾನಗಳೇ ಇರಲಿಲ್ಲ. ಆಮೇಲೆ, ಕಾಯಿಲೆ ಕಡಿಮೆಯಾಗಲಿ ಅಂತ ಅಪ್ಪ ತಡೆದರು. ಕೊನೆಗೆ ಡಿಸೆಂಬರ್ 26ಕ್ಕೆ ಟಿಕೆಟ್ ಮಾಡಿದ್ವಿ. ಇಲ್ಲಿ ಹೊಸ ತಳಿಯ ವೈರಸ್ ಸುದ್ದಿ ಬಂದು 22ರ ಮಧ್ಯರಾತ್ರಿಯಿಂದ ಭಾರತ ಬ್ರಿಟನ್ ವಿಮಾನಗಳನ್ನೇ ನಿಲ್ಲಿಸಿತು. ಕಟ್ಟಿದ ಸೂಟ್‌ಕೇಸನ್ನು ಅಮ್ಮ ಬಿಚ್ಚಲೇ ಇಲ್ಲ. ಮೇಲಿದ್ದ ಎರಡು ಸೀರೆ ಮಾತ್ರ ತೆಗೆದುಕೊಂಡಳು.

ಜನವರಿಯಲ್ಲಿ ವಿಮಾನ ಮತ್ತೆ ಶುರುವಾದಾಗ "ಸ್ವಲ್ಪ ಕಾಯೋಣಮ್ಮ" ಅಂದಿದ್ದು ನಾನು. ರಿಸ್ಕು ಇದ್ದಿದ್ದು ಹೌದು. ಆದರೆ ನಾನೂ ಗಂಡನೂ ಇಬ್ಬರೂ ಲ್ಯಾಪ್‌ಟಾಪ್ ಮುಂದೆ ಕೂತರೆ ಮಗು ನೋಡೋರು ಯಾರು ಅನ್ನೋದೂ ಆ ಮಾತಿನೊಳಗೆ ಇತ್ತು. ಅದೇ ತಿಂಗಳು ಮೂಡಿಗೆರೆ ಕಡೆ ಅಕಾಲದ ಮಳೆ. ಕಣದಲ್ಲಿ ಹರಡಿದ್ದ ಕಾಫಿ ನೆನೆದು, ಗಿಡದಲ್ಲಿ ಹಣ್ಣಿರುವಾಗಲೇ ಹೂವೂ ಬಿಟ್ಟಿತ್ತು. ಅಪ್ಪ ಒಬ್ಬರೇ ಒದ್ದಾಡುತ್ತಿದ್ದರು. ಅಮ್ಮ ಕೇಳಿಸಿಕೊಂಡು ಸುಮ್ಮನಾಗುತ್ತಿದ್ದಳು. ತೋಟ ಸುತ್ತಿ ಬೆಳೆದ ಹೆಂಗಸು, ವಾರಗಟ್ಟಲೆ ಹೊಸ್ತಿಲು ದಾಟುತ್ತಿರಲಿಲ್ಲ.

ಅವತ್ತು ಮಧ್ಯಾಹ್ನ ಮುಂಬಾಗಿಲ ಮೆಟ್ಟಿಲ ಮೇಲೆ ಒಂದು ಜೊತೆ ಹಸಿರು ರಬ್ಬರ್ ಬೂಟ್ಸ್ ಇತ್ತು. ಪಕ್ಕದ ಮನೆಯ ಅಜ್ಜಿ ಸ್ಯಾನಿಟೈಸರ್‌ನಲ್ಲಿ ಒರೆಸಿ ಇಟ್ಟು, ಬೇಲಿಯಾಚೆಯಿಂದ ಕೈಬೀಸಿ "ಇವರ ಅಳತೆ ಇರಬಹುದು" ಅಂದರು. ಅಮ್ಮ ವಾಪಸ್ ಒಂದು ಡಬ್ಬಿ ಕೋಡುಬಳೆ ಬೇಲಿಗೂಟದ ಮೇಲಿಟ್ಟಳು. ವರ್ಷದಿಂದ ಪಕ್ಕದಲ್ಲೇ ಇದ್ದು ಇಬ್ಬರೂ ಮಾತಾಡಿದ್ದು ಅದೇ ಮೊದಲು.

ದಿನಕ್ಕೊಂದು ಸಲ, ಮನೆ ಹತ್ತಿರವೇ, ವ್ಯಾಯಾಮಕ್ಕೆ ಹೊರಡಬಹುದು ಅನ್ನೋದು ಆಗಿನ ನಿಯಮ. ಸೋಮವಾರ ಆಫೀಸಿಗೆ ಅರ್ಧ ದಿನ ರಜೆ ಹಾಕಿದೆ. ಸೀರೆ, ಅದರ ಮೇಲೆ ಸ್ವೆಟರ್, ಅದರ ಮೇಲೆ ಅಳಿಯನ ಜಾಕೆಟ್, ಮಂಕಿಕ್ಯಾಪ್, ಹಸಿರು ಬೂಟ್ಸ್. ಅಮ್ಮ ರೆಡಿ.

ಇಂಗ್ಲೆಂಡಿನ ಹಳ್ಳಿಗಳ ದೊಡ್ಡ ಸುಖ ಅಂದ್ರೆ ಕಾಲುದಾರಿಗಳು. ಖಾಸಗಿ ಹೊಲದ ನಟ್ಟನಡುವೆ ಹೋದರೂ ಅದು ಸಾರ್ವಜನಿಕ ದಾರಿ, ನಡೆಯೋದು ಹಕ್ಕು. "ಯಾರದೋ ಜಮೀನಲ್ಲಿ ಹೀಗೆ ನುಗ್ಗೋದಾ ಮಾರಾಯ್ತಿ?" ಅಂತ ಅಮ್ಮ ಎರಡು ಸಲ ಹಿಂದೆ ತಿರುಗಿ ನೋಡಿದಳು. ಆಮೇಲೆ ನನಗಿಂತ ಮುಂದೆ ನಡೆದಳು.

ಸದ್ದೇ ಇಲ್ಲ. ಹೊಸ ಹಿಮದೊಳಗೆ ಗಾಳಿ ತುಂಬಿರೋದರಿಂದ ಅದು ಶಬ್ದ ಹೀರಿಕೊಳ್ಳುತ್ತೆ. ಜೊತೆಗೆ ಲಾಕ್‌ಡೌನ್, ದೂರದ ಹೆದ್ದಾರಿಯ ಮೊರೆತವೂ ನಿಂತಿತ್ತು. ಬೂಟ್ಸ್ ಕೆಳಗೆ ಹಿಮ ಕರಕರ ಅನ್ನೋದು ಮಾತ್ರ. ಇಳಿಜಾರಿನಲ್ಲಿ ಮಕ್ಕಳು ಓವನ್ನಿನ ಟ್ರೇ ಮೇಲೆ ಕೂತು ಜಾರುತ್ತಿದ್ದರು. ಹಿಮಮಾನವ ಮಾಡೋಣ ಅಂತ ನಾವೂ ಹೊರಟರೆ ಉಂಡೆ ಕಟ್ಟಲೇ ಇಲ್ಲ. ತೀರಾ ಚಳಿಯಾದರೆ ಹಿಮ ಒಣಪುಡಿ, ಅಂಟೋಕೆ ಬೇಕಾದ ತೇವ ಇರೋದಿಲ್ಲ. "ತುಪ್ಪ ಕಮ್ಮಿಯಾದ ರವೆ ಉಂಡೆ" ಅಂದಳು ಅಮ್ಮ.

ಕಾಡಂಚಿಗೆ ಬಂದಾಗ ಗಕ್ಕನೆ ನಿಂತಳು. ಹಿಮದ ಮೇಲೆ ಸಣ್ಣ ಗೊರಸಿನ ಗುರುತು, ಸೀಳಿದ ಎರಡು ಮೊನೆ, ಸಾಲಾಗಿ ಪೊದೆಯೊಳಗೆ ಹೋಗಿತ್ತು. ಬಗ್ಗಿ ನೋಡಿ, "ಕಾಡುಕುರಿ. ನಾನು ಹೇಳ್ಲಿಲ್ವಾ?"

ಹೇಳಿದ್ದಳು. ರಾತ್ರಿ ಕಾಡುಕುರಿ ಕೂಗುತ್ತೆ ಅಂತ ತಿಂಗಳುಗಳಿಂದ ಹೇಳುತ್ತಲೇ ಇದ್ದಳು. ಇಲ್ಲೆಲ್ಲಿಂದ ಬರಬೇಕು, ಪಕ್ಕದ ಬೀದಿ ನಾಯಿ ಅಂತ ನಾನು ನಗಾಡಿದ್ದೆ. ಅಲ್ಲೇ ನಿಂತು ಫೋನಿನಲ್ಲಿ ಹುಡುಕಿದೆ. ಮಂಟ್‌ಜ್ಯಾಕ್. ಸುಮಾರು ನೂರಿಪ್ಪತ್ತು ವರ್ಷದ ಹಿಂದೆ ಚೀನಾದಿಂದ ವೋಬರ್ನ್ ಅನ್ನೋ ಎಸ್ಟೇಟಿಗೆ ತಂದು ಸಾಕಿದ್ದರಂತೆ. ತಪ್ಪಿಸಿಕೊಂಡವು, ಆಮೇಲೆ ಅಲ್ಲಿಲ್ಲಿ ಬಿಟ್ಟವು ಹರಡಿ ಈ ಕಡೆಯ ಕಾಡಿನ ತುಂಬ ಇವೆ. ನಮ್ಮ ಮಲೆನಾಡಿನ ಕಾಡುಕುರಿಯ ದಾಯಾದಿ. ಅದೇ ನಾಯಿ ಬೊಗಳಿದಂಥ ಕೂಗು. ಅಮ್ಮನಿಗೆ ಆಶ್ಚರ್ಯವೇನೂ ಆಗಲಿಲ್ಲ. ನನಗೇ ಒಂಥರಾ ಆಯಿತು. ಇನ್ನೇನೇನು ಹೇಳಿದ್ದಳೋ, ನಾನು ನಾಯಿ ಅಂದುಕೊಂಡಿದ್ದೆನೋ.

ಸಂಜೆ ಅಪ್ಪನಿಗೆ ವಿಡಿಯೋ ಕಾಲ್. ಅಮ್ಮ ಫೋನ್ ಹಿಡಿದು ಹಿತ್ತಲೆಲ್ಲ ತೋರಿಸಿದಳು. "ನೋಡಿ, ಕಾಫಿ ಹೂವಾದ ಹಾಗಿಲ್ವಾ? ಪರಿಮಳ ಒಂದಿಲ್ಲ." ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಇಂಚು ಬಿತ್ತು?"

ಕಾಫಿ ಬೆಳೆಗಾರರಿಗೆ ಆಕಾಶದಿಂದ ಏನೇ ಬಿದ್ದರೂ ಇಂಚಿನಲ್ಲೇ ಲೆಕ್ಕ. ಅಮ್ಮ ನನ್ನ ಸ್ಕೇಲ್ ತಂದು ಬೇಲಿ ಪಕ್ಕ ಚುಚ್ಚಿ "ಆರು!" ಅಂದಳು. ಅಪ್ಪ ಗಾಬರಿ. ಹತ್ತು ಇಂಚು ಹಿಮ ಕರಗಿದರೆ ನೀರು ಸಿಗೋದು ಹೆಚ್ಚುಕಡಿಮೆ ಒಂದಿಂಚು, ಪುಡಿಹಿಮವಾದರೆ ಇನ್ನೂ ಕಮ್ಮಿ ಅಂತ ನಾನು ಸಮಾಧಾನ ಮಾಡಿದೆ. "ಅಯ್ಯೋ, ಅರ್ಧ ಇಂಚಾ? ಹೂಮಳೆಗೂ ಸಾಲಲ್ಲ" ಅಂದುಬಿಟ್ಟರು. ಇಬ್ಬರೂ ನಕ್ಕಿದ್ದು ನೋಡಿ ತುಂಬ ದಿನ ಆಗಿತ್ತು. ನಗು ನಿಂತ ಮೇಲೆ ಅಪ್ಪ, "ಊಟ ಆಯ್ತಾ?" ಅಂದರು. ಅಮ್ಮ "ನಿಮ್ಮದು?" ಅಂದಳು. ಅಲ್ಲಿ ರಾತ್ರಿ ಹತ್ತೂವರೆ. ಅಪ್ಪ ಉತ್ತರ ಕೊಡಲಿಲ್ಲ.

ವಾರ ಪೂರ್ತಿ ನಡೆದೆವು. 11ರ ಬೆಳಿಗ್ಗೆ ಸ್ಕಾಟ್ಲೆಂಡಿನ ಬ್ರೇಮಾರ್‌ನಲ್ಲಿ ಮೈನಸ್ 23 ಡಿಗ್ರಿ, 1995ರ ನಂತರ ಬ್ರಿಟನ್ನಿನಲ್ಲೇ ಅತಿ ಕಡಿಮೆ. ನಮ್ಮಲ್ಲಿ ಅಷ್ಟಿಲ್ಲ, ಆದರೂ ಹಿತ್ತಲಿನ ನಲ್ಲಿ ಕಟ್ಟಿಹೋಗಿತ್ತು. ಮಗು ಹೊರಗಿನ ನೆಲದ ಮೇಲೆ ಮೊದಲ ಹೆಜ್ಜೆ ಇಟ್ಟಿದ್ದು ಹಿಮದಲ್ಲೇ. ಎರಡಿಟ್ಟು ದೊಪ್ಪಂತ ಕೂತ. ವಾರದ ಕೊನೆಗೆ ಗಾಳಿ ದಿಕ್ಕು ಬದಲಾಯಿಸಿ ಎರಡೇ ದಿನದಲ್ಲಿ ಎಲ್ಲ ಕರಗಿ ಮತ್ತೆ ಅದೇ ಕೆಸರು.

ಆ ಭಾನುವಾರ ರಾತ್ರಿ ಮಗು ಮಲಗಿದ ಮೇಲೆ ಲ್ಯಾಪ್‌ಟಾಪ್ ತೆಗೆದು, ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆಂಗಳೂರಿನ ಟಿಕೆಟ್ ಬುಕ್ ಮಾಡಿದೆ. ಮಾರ್ಚ್ ಮೊದಲ ವಾರಕ್ಕೆ. "ಮಗು ಏನು ಮಾಡ್ತೀಯೇ?" ಅಂದಳು. ನರ್ಸರಿ ನೋಡಿದ್ದೀನಿ ಅಂದೆ. ಇನ್ನೂ ನೋಡಿರಲಿಲ್ಲ.

ಬೂಟ್ಸ್ ತೊಳೆದು ಒಣಗಿಸಿ ವಾಪಸ್ ಕೊಡಲು ಹೋದರೆ ಪಕ್ಕದ ಮನೆ ಅಜ್ಜಿ ತಗೊಳ್ಳಲೇ ಇಲ್ಲ, ಇಟ್ಟುಕೊಳ್ಳಿ ಅಂದರು. ಪ್ಯಾಕಿಂಗ್ ದಿನ ಅಮ್ಮ ಅದನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ಯೋಚನೆ ಮಾಡಿದಳು. "ಮಳೆಗಾಲಕ್ಕೆ ಆಗುತ್ತೆ ಕಣೇ. ಜಿಗಣೆ ಹತ್ತಲ್ಲ."

ಎರಡು ಕೆಜಿ ತೂಕ. ಚಾಕ್ಲೇಟ್ ಡಬ್ಬಿಗಳನ್ನೆಲ್ಲ ಹೊರಗಿಟ್ಟು ಅದನ್ನೇ ತುಂಬಿಕೊಂಡು ಹೋದಳು.